ಗರುಡನ ಎಡಗಣ್ಣು

ಇಂದು ಬೆಳಿಗ್ಗೆ, ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ನಮ್ಮ ಪಡಸಾಲೆಯಲ್ಲಿ ಕುಳಿತು ಗರುಡನ ಗೊಂಬೆಯ ಎಡಗಣ್ಣನ್ನು ಮೂರು ಸಲ ಬರೆದು ಮೂರು ಸಲವೂ ಒರೆಸಿದೆ.

ಮರ ಕೆತ್ತುವುದು, ಹುಣಸೆ ಬೀಜದ ಅಂಟಿನಲ್ಲಿ ಕಲಸಿದ ಕಿಟ್ಟ ಎಂಬ ಲೇಪವನ್ನು ಮೆತ್ತುವುದು, ಬಣ್ಣ ತುಂಬುವುದು, ಇವೆಲ್ಲವನ್ನೂ ಮನೆಯ ಹುಡುಗರಿಗೆ ಬಿಟ್ಟುಕೊಟ್ಟು ವರ್ಷಗಳಾದರೂ ಕಣ್ಣು ಬರೆಯುವ ಕೆಲಸವನ್ನು ಮಾತ್ರ ಹಟದಿಂದ ನನ್ನಲ್ಲೇ ಉಳಿಸಿಕೊಂಡಿದ್ದೇನೆ. ಕುಂಚದ ತುದಿ ರೆಪ್ಪೆಯ ಅಂಚಿಗೆ ಬಂದೊಡನೆ ಕೈ ಸಣ್ಣಗೆ ನಡುಗುತ್ತದೆ; ಉಸಿರು ಬಿಗಿಹಿಡಿದರೆ ಇನ್ನೂ ಹೆಚ್ಚು.

ನಾಲ್ಕನೆಯ ಸಲ ನಡುಕ ನಿಲ್ಲಲೆಂದು ಕಾಯದೆ, ಅದರ ಜೊತೆಯಲ್ಲೇ ಗೆರೆ ಎಳೆದೆ. ಹರೆಯದಲ್ಲಿ ಒಂದೇ ಉಸಿರಿಗೆ ಎಳೆಯುತ್ತಿದ್ದ ಗೆರೆಯ ನಯ ಅದಕ್ಕೆ ಬರಲಿಲ್ಲ. ಆದರೆ ಆಗಿನ ನನ್ನ ಗರುಡಗಳು ಎತ್ತಲೂ ನೋಡುತ್ತಿರಲಿಲ್ಲ. ಇವನು ನನ್ನನ್ನೇ ನೋಡುತ್ತಿದ್ದಾನೆ ಎನಿಸಿತು. (ಮುದುಕನ ಸಮಾಧಾನವೂ ಇದ್ದೀತು.)

ನಮ್ಮದೇ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ತೊಗಲುಗೊಂಬೆಯಾಟಕ್ಕಾಗಿ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು 90 ದಾಟಿತ್ತು. ಆ ಲೆಕ್ಕದಲ್ಲಿ 68ರ ನಾನಿನ್ನೂ ಕಲಿಯುವ ಹುಡುಗನೇ ಎಂದು ನಮ್ಮಾಕೆಗೆ ಹೇಳಿದೆ.

"ಹಂಗಾದ್ರ ಮೊದ್ಲ ಚಸ್ಮಾ ಒರಸ್ಕೋರಿ, ಪೂರಾ ಬಣ್ಣ ಹತ್ತೈತಿ" ಎಂದಳು.

ಬಲಗಣ್ಣನ್ನು ನಾಳೆ ಬೆಳಗಿನ ಬೆಳಕಿನಲ್ಲಿ ಬರೆಯುವುದೆಂದು ಕುಂಚ ತೊಳೆದಿಟ್ಟಿದ್ದೇನೆ.