ಶ್ರೀರಂಗಪಟ್ಟಣದ ಕಲ್ಲಿನ ಸೇತುವೆ ಹತ್ತಿರ

ಮೈಸೂರಿಗೆ ಹೊರಟವರು ಇವತ್ತು ದಶಪಥ ಬಿಟ್ಟು ಶ್ರೀರಂಗಪಟ್ಟಣದ ಒಳಗೆ ಬಂದೆವು. ಸುಮ್ನೆ, ವೆಲ್ಲೆಸ್ಲಿ ಸೇತುವೆ ನೋಡೋಣ ಅಂತ. ಬಂಡೆಗಳ ಸಂದಿಯಲ್ಲಿ ಕಾವೇರಿ ನುಸುಳಿಕೊಂಡು ಹರಿಯುತ್ತಿದ್ದಳು. ಸೇತುವೆಯ ಕಂಬ, ತೊಲೆ ಎಲ್ಲವೂ ಕಲ್ಲು. 1804ರಲ್ಲಿ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ್ದು. ಟಿಪ್ಪು ಸುಲ್ತಾನರ ಹತ್ತಿರ ಮಂತ್ರಿಯಾಗಿದ್ದವರು ಅವರು. ಟಿಪ್ಪು ತೀರಿಕೊಂಡ ಐದೇ ವರ್ಷಕ್ಕೆ, ಗೆದ್ದ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಹೆಸರನ್ನು ಈ ಸೇತುವೆಗೆ ಇಟ್ಟರು. ಆಗ ಪೂರ್ಣಯ್ಯನವರ ಮನಸ್ಸಿನಲ್ಲಿ ಏನಿತ್ತೋ!

ನನಗೆ ಜಾಸ್ತಿ ನೆನಪಾದವರು ಹೊಳೆಯ ನಡುವೆ ಈ ಕಂಬಗಳನ್ನು ನಿಲ್ಲಿಸಿದ ಕಲ್ಲುಕುಟಿಗರು. 200 ವರ್ಷದಲ್ಲಿ ಎಷ್ಟು ಪ್ರವಾಹ ತಡೆದುಕೊಂಡಿವೆ ಆ ಕಂಬಗಳು, ಅಲ್ವಾ? ಅಮ್ಮ ದಡದಲ್ಲಿ ನಿಂತು ನೀರಿಗೆ ಕೈಮುಗಿದರು. ಬಿಸಿಲು ಏರುವವರೆಗೂ ಯಾರಿಗೂ ಕಾರು ಹತ್ತುವ ಮನಸ್ಸಾಗಲಿಲ್ಲ.