ಶೆಡ್ಡಿಗೆ ಬಂದ ದೊಡ್ಡ ರೌಟರ್

ನಮ್ಮ ಶೆಡ್ಡಿಗೆ ಹೊಸ ರೌಟರ್ ಬಂದಿದೆ, ಹಲ್ಲಿರುವ ಬಿಟ್ಟನ್ನು (ಕೊಯ್ಯುವ ಅಲಗನ್ನು) ಜೋರಾಗಿ ತಿರುಗಿಸಿ ಮರದಲ್ಲಿ ಅಂಚು, ಕಚ್ಚು ತೆಗೆಯುವ ಮಷಿನ್ನು. ಮಕಿಟಾದವರ ಆರ್‌ಪಿ 2301 ಎಫ್‌ಸಿ. 2100 ವಾಟಿನ ಮೋಟರು, ಸುಮಾರು ಆರು ಕೆಜಿ ತೂಕ, ಬಿಟ್ಟನ್ನು ಕಚ್ಚಿ ಹಿಡಿಯುವ 12 ಮಿ.ಮೀ. ಕೊಲೆಟ್, ನಿಮಿಷಕ್ಕೆ 9,000ದಿಂದ 22,000 ಸುತ್ತಿನವರೆಗೆ ಬೇಕಾದ ವೇಗಕ್ಕೆ ತಿರುಗಿಸಿಕೊಳ್ಳಬಹುದು. ಹಾಸನದ ಬಿ.ಎಂ. ರಸ್ತೆಯ ಅಂಗಡಿಯವರು, "ಅಕ್ಕಾ, ಮನೆ ಕೆಲ್ಸಕ್ಕೆ ಇಷ್ಟ್ ದೊಡ್ಡದ್ಯಾಕೆ? ಸಣ್ಣದು ತಗೊಳಿ, ಕೈಗೂ ಹಗುರ" ಅಂದರು. ಒಳ್ಳೇ ಮನಸ್ಸಿನಿಂದಲೇ ಹೇಳಿದ್ದು. ಆದರೆ ಚೀಟಿ ಎತ್ತಿದ ದುಡ್ಡನ್ನೆಲ್ಲ ಇದಕ್ಕೇ ಹಾಕಬೇಕು ಅಂತ ನಾನು ಮೊದಲೇ ಗಟ್ಟಿ ಮಾಡಿಕೊಂಡು ಹೋಗಿದ್ದೆ. ಯಾಕೆ ಅಂತ ಬರೆದರೆ, ಮನೆ ಹಿಂದೆ ಸಣ್ಣ ಜಾಗದಲ್ಲಿ ಮರಗೆಲಸ ಮಾಡುವ ಬೇರೆಯವರಿಗೂ ಉಪಯೋಗವಾದೀತು.

ಶೆಡ್ಡು ಅಂದರೆ ಬೇಲೂರು ರಸ್ತೆ ಕಡೆಯ ನಮ್ಮ ಮನೆ ಹಿಂದೆ ಶೀಟು ಹೊದಿಸಿದ ಒಂದು ಕೋಣೆ. ಹಿಂದೆ ಸೌದೆ ಒಟ್ಟುತ್ತಿದ್ದ ಜಾಗ. ಇಷ್ಟು ಕಾಲ ಅಲ್ಲಿ ನನ್ನ ಹತ್ತಿರ ಇದ್ದದ್ದು 6 ಮಿ.ಮೀ. ಬಿಟ್ಟು ಹಿಡಿಯುವ ಪುಟ್ಟ ರೌಟರ್, ಟ್ರಿಮ್ಮರ್ ಅನ್ನುತ್ತಾರೆ. ಅಂಚು ಮುರಿಯುವುದಕ್ಕೆ, ಪ್ಲೈವುಡ್ಡಿಗೆ ಅಂಟಿಸಿದ ಲ್ಯಾಮಿನೇಟ್ ಸಮ ಮಾಡುವುದಕ್ಕೆ, ಕೀಲು ಕೂರಿಸಲು ಕಚ್ಚು ತೆಗೆಯುವುದಕ್ಕೆ ಅದಕ್ಕಿಂತ ಚೆನ್ನಾದ್ದು ಇಲ್ಲ. ಈಗಲೂ ಅದನ್ನು ಕೊಡುವುದಿಲ್ಲ, ಒಂದೇ ಕೈಯಲ್ಲಿ ಹಿಡಿದು ಮಾಡುವ ಕೆಲಸವೆಲ್ಲ ಅದರದ್ದೇ.

ದೊಡ್ಡದು ಬೇಕಾಗಿದ್ದು ಬಾಗಿಲುಗಳಿಗೆ. ಸಕಲೇಶಪುರದ ಹತ್ತಿರ ನಮ್ಮ ಭಾವನ ತೋಟದಲ್ಲಿ ಹಳೇ ಸಿಲ್ವರ್ ಮರಗಳನ್ನು ತೆಗೆಸಿದರು. ಮೆಣಸಿನ ಬಳ್ಳಿ ಹಬ್ಬಿಸಿದ್ದ, ಕಾಫಿಗೆ ನೆರಳು ಕೊಟ್ಟಿದ್ದ ಮರಗಳು. ಸಿಲ್ವರ್ ಓಕ್ ಮೂಲತಃ ಪೂರ್ವ ಆಸ್ಟ್ರೇಲಿಯಾದ್ದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ, ಸ್ವಂತ ಜಮೀನಿನಲ್ಲಿ ಕಡಿಯಲು ಅನುಮತಿ ಬೇಕಿಲ್ಲದ ಮರಗಳ ಸಾಲಿನಲ್ಲಿ ಇದೂ ಇದೆ. ಹಾಗಾಗಿ ನಮ್ಮಂಥವರ ಕೈಗೆ ನೇರವಾಗಿ, ತಲೆನೋವಿಲ್ಲದೆ ಸಿಗುವ ಒಳ್ಳೇ ಮರ ಇದೇ. ಸೌದೆಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಹೋಗುವ ಮರ ಅಂತ ಜನ ಹಗುರವಾಗಿ ಮಾತಾಡುತ್ತಾರೆ. ಅದು ಸರಿಯಲ್ಲ. ದಿಮ್ಮಿಯನ್ನು ನಡು ತಿರುಳಿನಿಂದ ತೊಗಟೆಯ ಕಡೆಗೆ ನೇರಕ್ಕೆ ಕೊಯ್ಸಿ ನೋಡಿ. ಹಲಗೆಯ ಮೇಲೆಲ್ಲ ಮಿಂಚುವ ಚುಕ್ಕೆಗಳು, ಕಸೂತಿ ಬಟ್ಟೆ ಹಾಸಿದ ಹಾಗೆ. ಎಣ್ಣೆ ಕೊಟ್ಟು ಒರೆಸಿದರೆ ತಾಮ್ರದ ತಂಬಿಗೆಯ ಬಣ್ಣಕ್ಕೆ ತಿರುಗುತ್ತದೆ. ಭಾವ ಎರಡು ದಿಮ್ಮಿ ಕೊಯ್ಸಿ ಕಳಿಸಿದರು. ಮನೆಯ ಗೋಡೆ ಬೀರುಗಳಿಗೆಲ್ಲ ಈ ಮರದಲ್ಲೇ ಬಾಗಿಲು ಮಾಡೋಣ ಅಂತ ಇವರೂ ನಾನೂ ಮಾತಾಡಿಕೊಂಡೆವು. ಪ್ಲೈವುಡ್ ಬಾಗಿಲಲ್ಲ, ಹಳೇ ಮನೆಗಳಲ್ಲಿರುವಂಥ ಚೌಕಟ್ಟು, ನಡುವೆ ದಿಂಡು ಹಲಗೆ.

ಈ ಬಾಗಿಲಿನ ಗುಟ್ಟೆಲ್ಲ ನಡುವಿನ ಹಲಗೆಯಲ್ಲಿದೆ. ಅದನ್ನು ಅಂಟು ಹಾಕಿ ಕೂರಿಸುವ ಹಾಗಿಲ್ಲ. ಚೌಕಟ್ಟಿನ ಒಳ ಅಂಚಿನಲ್ಲಿ 10 ಮಿ.ಮೀ. ಆಳದ ಗ್ರೂವ್, ಅಂದರೆ ಕಾಲುವೆಯಂಥ ಉದ್ದ ಕಚ್ಚು, ಹೊಡೆದು, ಅದರೊಳಗೆ ಹಲಗೆ ಸಡಿಲವಾಗಿ ನಿಂತಿರಬೇಕು. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೇ ಇಲ್ಲ ಅನ್ನಬಹುದು, ಅಗಲಕ್ಕೆ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಆಷಾಢ ಶ್ರಾವಣದಲ್ಲಿ ಬಟ್ಟೆಯೇ ಒಣಗದ ಊರು ನಮ್ಮದು. ಮಾರ್ಚಿಗೂ ಜುಲೈಗೂ ನಡುವೆ ಒಂದಡಿ ಅಗಲದ ಹಲಗೆ ಎರಡು ಮೂರು ಮಿ.ಮೀ. ಆಚೀಚೆ ಆಗುತ್ತದೆ. ಅದಕ್ಕೆ ಓಡಾಡಲು ಜಾಗ ಬಿಡದಿದ್ದರೆ ಚೌಕಟ್ಟಿನ ಜಾಯಿಂಟನ್ನೇ ಒದ್ದು ಬಿಡಿಸುತ್ತದೆ, ಇಲ್ಲವೇ ತಾನೇ ಸೀಳುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಮಾಡುವ ಬಾಗಿಲಿಗೆ ಗ್ರೂವಿನೊಳಗೆ ಸಂದು ಜಾಸ್ತಿ ಬಿಡಬೇಕು. ಮಳೆಗಾಲದಲ್ಲಿ ಮಾಡುವುದಕ್ಕೆ ಕಡಿಮೆ ಸಾಕು, ಮರ ಆಗಲೇ ಹಿಗ್ಗಿರುತ್ತದೆ. ಇದು ನಮ್ಮ ಬೀದಿ ಕೊನೆಯ ಆಚಾರ್ರು ಹೇಳಿಕೊಟ್ಟಿದ್ದು.

ಆ ಹಲಗೆ ಗ್ರೂವಿನೊಳಗೆ ಹೋಗುವಷ್ಟು ತೆಳ್ಳಗಾಗಲು ಅದರ ಸುತ್ತ ಇಳಿಜಾರು ಅಂಚು ತೆಗೆಯುವ ಬಿಟ್ಟು ದೊಡ್ಡದು. ನನ್ನದು 80 ಮಿ.ಮೀ. ಅಗಲ. ಇದನ್ನು 22,000 ಸುತ್ತಿನಲ್ಲಿ ತಿರುಗಿಸಿದರೆ ಅದರ ಹಲ್ಲಿನ ತುದಿ ಗಂಟೆಗೆ 330 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಅದು ಕೆಲಸವಲ್ಲ, ಅಪಾಯ. 10,000ಕ್ಕೆ ಇಳಿಸಿದರೆ ಸುಮಾರು 150 ಕಿ.ಮೀ. ಅದೇ ಕಂಪನಿಯ, ಬೆಲೆಯೂ ಕಡಿಮೆ ಇರುವ ಆರ್‌ಪಿ 1800 ಬೇಡವೆಂದು ಇದಕ್ಕೆ ಹೋಗಿದ್ದು ಇದೊಂದೇ ಕಾರಣಕ್ಕೆ. ಅದರಲ್ಲಿ ವೇಗ ಒಂದೇ, 22,000. ಸಣ್ಣ ಬಿಟ್ಟುಗಳನ್ನೇ ಬಳಸುವವರಿಗೆ ಅದು ಧಾರಾಳ ಸಾಕು.

ಇನ್ನು 12 ಮಿ.ಮೀ. ಯಾಕೆ? ಕೊಲೆಟ್ ಅಂದರೆ ಬಿಟ್ಟಿನ ಶ್ಯಾಂಕನ್ನು (ಹಲ್ಲಿಲ್ಲದ ದುಂಡು ಕಾಲನ್ನು) ಕಚ್ಚಿ ಹಿಡಿಯುವ, ಸೀಳು ಬಿಟ್ಟಿರುವ ಸಣ್ಣ ಉಕ್ಕಿನ ಕೊಳವೆ. ದುಂಡು ಸರಳಿನ ದಪ್ಪ ಎರಡರಷ್ಟಾದರೆ, ಬಾಗದೆ ನಿಲ್ಲುವ ಗಟ್ಟಿತನ ಎರಡು ಪಟ್ಟಲ್ಲ, ಹದಿನಾರು ಪಟ್ಟು ಹೆಚ್ಚುತ್ತದೆ. 6 ಮಿ.ಮೀ. ಶ್ಯಾಂಕಿಗೂ 12ಕ್ಕೂ ಇರುವ ವ್ಯತ್ಯಾಸ ಅಷ್ಟು. ಉದ್ದನೆಯ ಬಿಟ್ಟು ಹಾಕಿ ಹಲಸಿನ ಮರದಲ್ಲಿ ಆಳವಾದ ಗ್ರೂವ್ ಹೊಡೆಯುವಾಗ ಇದು ಕೈಗೇ ಗೊತ್ತಾಗುತ್ತದೆ. ಹಲಸಿನ ಎಳೆ ಒಂದು ಪದರ ಈ ಕಡೆ, ಇನ್ನೊಂದು ಆ ಕಡೆ ಹೆಣೆದುಕೊಂಡಿರುತ್ತದೆ. ಸಣ್ಣ ಬಿಟ್ಟು ಅಲ್ಲಿ ನಡುಗುತ್ತದೆ, ಗ್ರೂವಿನ ಗೋಡೆಯ ಮೇಲೆ ಸಣ್ಣ ಅಲೆ ಮೂಡುತ್ತದೆ. ದಪ್ಪ ಶ್ಯಾಂಕಿನದು ಒಂದೇ ಸಮ ಕೊಯ್ಯುತ್ತದೆ.

ಬಿಟ್ಟು ಕೊಳ್ಳುವವರು ಒಂದು ವಿಷಯ ದಯವಿಟ್ಟು ಗಮನಿಸಿ. ಅಂಗಡಿಯಲ್ಲಿ 12 ಮಿ.ಮೀ. ಶ್ಯಾಂಕೂ ಸಿಗುತ್ತದೆ, ಅರ್ಧ ಇಂಚಿನದ್ದೂ ಸಿಗುತ್ತದೆ. ಅರ್ಧ ಇಂಚು ಅಂದರೆ 12.7 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಅರ್ಧ ಇಂಚಿನ ಕೊಲೆಟ್ಟಿಗೆ 12ರ ಬಿಟ್ಟು ಹಾಕಿ ಎಷ್ಟೇ ಬಿಗಿ ಮಾಡಿದರೂ ಅದು ಪೂರ್ತಿ ಕಚ್ಚುವುದಿಲ್ಲ, ತಿರುಗುವಾಗ ಜಾರಿ ಹೊರಗೆ ಬರಬಹುದು. ಕಾಲು ಇಂಚು ಮತ್ತು 6 ಮಿ.ಮೀ. ನಡುವೆಯೂ ಇದೇ ತೊಂದರೆ, ಒಂದು 6.35, ಇನ್ನೊಂದು 6. ಪ್ಯಾಕೆಟ್ಟಿನ ಮೇಲಿನ ಅಕ್ಷರ ನಂಬದೆ ವರ್ನಿಯರ್ ಹಿಡಿದು ಅಳೆದೇ ತನ್ನಿ. ಹಾಕುವಾಗ ಶ್ಯಾಂಕನ್ನು ತಳ ಮುಟ್ಟುವವರೆಗೆ ಇಳಿಸಿ, ಎರಡು ಮೂರು ಮಿ.ಮೀ. ಮೇಲಕ್ಕೆ ಎಳೆದು, ಆಮೇಲೆ ಬಿಗಿ ಮಾಡಬೇಕು. ಬಿಗಿಯುವಾಗ ಕೊಲೆಟ್ ಬಿಟ್ಟನ್ನು ಸ್ವಲ್ಪ ಕೆಳಕ್ಕೆ ಎಳೆದುಕೊಳ್ಳುತ್ತದೆ. ಆಗಲೇ ತಳ ಮುಟ್ಟಿದ್ದರೆ ಹಿಡಿತ ಸರಿಯಾಗಿ ಸಿಗುವುದಿಲ್ಲ.

ಮಷಿನ್ನು ಈಗ ಮೇಜಿನ ಕೆಳಗೆ ತಲೆಕೆಳಗಾಗಿ ನಿಂತಿದೆ. 18 ಮಿ.ಮೀ. ಪ್ಲೈವುಡ್ ಎರಡು ಪದರ ಅಂಟಿಸಿ ಮೇಜು ಮಾಡಿದೆ. ನಡುವೆ ಕೂರಿಸಿದ 10 ಮಿ.ಮೀ. ಅಲ್ಯೂಮಿನಿಯಂ ಪ್ಲೇಟಿಗೆ ಲೇತ್ ಅಂಗಡಿಯಲ್ಲಿ ತೂತು ಕೊರೆಸಿಕೊಂಡು ಬಂದೆ. ಆರು ಕೆಜಿ ತೂಕವನ್ನು ಕೈಯಲ್ಲಿ ಹಿಡಿದು ಓಡಾಡಿಸುವ ಪ್ರಶ್ನೆಯೇ ಇಲ್ಲ, ಮೇಜಿನಡಿ ಅದೇ ತೂಕ ಅದುರದೆ ಕೂರುತ್ತದೆ. ದಿಕ್ಕು ಮಾತ್ರ ಬದಲು. ಕೈಯಲ್ಲಿ ಹಿಡಿದ ರೌಟರನ್ನು ಹಲಗೆಯ ಹೊರ ಅಂಚಿನ ಸುತ್ತ ಅಪ್ರದಕ್ಷಿಣವಾಗಿ ಒಯ್ಯಬೇಕು, ಚೌಕಟ್ಟಿನ ಒಳ ಅಂಚಿಗೆ ಪ್ರದಕ್ಷಿಣವಾಗಿ. ಮೇಜಿನ ಮೇಲಾದರೆ ಮರವನ್ನು ಬಲದಿಂದ ಎಡಕ್ಕೆ ತಳ್ಳಬೇಕು. ಯಾವಾಗಲೂ ಬಿಟ್ಟು ತಿರುಗುವ ದಿಕ್ಕಿಗೆ ಎದುರಾಗಿ. ಅದರ ಜೊತೆಗೇ ತಳ್ಳಿದರೆ ಮರವನ್ನು ಕಿತ್ತುಕೊಂಡು ಎಸೆಯುತ್ತದೆ, ಬೆರಳು ಹಿಂದೆಯೇ ಹೋಗುತ್ತದೆ.

ಕರೆಂಟಿನ ಮಾತು. 2100 ವಾಟ್ ಅಂದರೆ 230 ವೋಲ್ಟಿನಲ್ಲಿ ಒಂಬತ್ತು ಆಂಪಿಯರಿಗೆ ಮೇಲೆ. 6 ಆಂಪಿಯರಿನ ಸಾಧಾರಣ ಪ್ಲಗ್ಗು ತಡೆಯುವುದಿಲ್ಲ. ಮೇನ್ ಬೋರ್ಡಿನಿಂದ 2.5 ಚದರ ಮಿ.ಮೀ. ತಾಮ್ರದ ವೈರು ಎಳೆಸಿ 16 ಆಂಪಿಯರಿನ ಪಾಯಿಂಟು ಹಾಕಿಸಿದೆ. ಮಳೆಗಾಲದಲ್ಲಿ ಕರೆಂಟು ಹೋಗುವುದು ಬರುವುದು ಇಲ್ಲಿ ದಿನದ ಕತೆ. ಮೇಜಿನಡಿಯ ರೌಟರಿನ ಸ್ವಿಚ್ಚು ಆನ್‌ನಲ್ಲೇ ಲಾಕ್ ಆಗಿರುತ್ತದೆ. ಬಿಟ್ಟಿನ ಹತ್ತಿರ ಕೈ ಇಟ್ಟಿದ್ದಾಗ ಕರೆಂಟು ಬಂದರೆ? ಅದಕ್ಕೆ ಬೋರ್‌ವೆಲ್ ಸ್ಟಾರ್ಟರಿನಲ್ಲಿ ಇರುವಂಥ ಹಸಿರು ಕೆಂಪು ಗುಂಡಿಯ ಸ್ವಿಚ್ಚನ್ನು ಮೇಜಿನ ಕಾಲಿಗೆ, ಮೊಣಕಾಲಿಗೆ ಸಿಗುವ ಎತ್ತರದಲ್ಲಿ ಹಾಕಿಸಿದೆ. ಕರೆಂಟು ಹೋದರೆ ಅದು ತಾನೇ ಆಫ್ ಆಗುತ್ತದೆ, ಮತ್ತೆ ಹಸಿರು ಒತ್ತುವವರೆಗೆ ಮಷಿನ್ನು ಏಳುವುದಿಲ್ಲ. ಇಡೀ ಏರ್ಪಾಟಿನಲ್ಲಿ ನನಗೆ ಅತಿ ನೆಮ್ಮದಿ ಕೊಟ್ಟಿದ್ದು ಈ ಗುಂಡಿ.

ಮೊದಲ ಹಲಗೆ ಮುಗಿದ ಸಂಜೆ ಆಚಾರ್ರು ಬಂದರು. ಹಿಂದೆ ಇದೇ ಇಳಿಜಾರನ್ನು ಹತ್ತರಿ ಹಿಡಿದು ಕೈಯಲ್ಲೇ ತೆಗೆಯುತ್ತಿದ್ದವರು ಅವರು. ಹಲಗೆಯನ್ನು ಕಿಟಕಿ ಕಡೆ ಓರೆಯಾಗಿ ಹಿಡಿದು, ಒಂದು ಕಣ್ಣು ಮುಚ್ಚಿ, ಬೆಳಕು ಅಂಚಿನ ಮೇಲೆ ಜಾರುವ ಹಾಗೆ ತಿರುಗಿಸಿದರು. ಹೆಬ್ಬೆರಳಿನ ಉಗುರನ್ನು ಎಳೆಗೆ ಅಡ್ಡವಾಗಿ ಎಳೆದರು. "ಚೆನ್ನಾಗ್ ಬಂದದೆ ಕಣವ್ವಾ. ಈ ಮೂಲೇಲಿ ಚುಕ್ಕೆ ಎದ್ದವೆ ನೋಡು. ಒಂದೇ ಸಲಕ್ಕೆ ಆಳ ತಗೀಬ್ಯಾಡ" ಅಂದರು. ಅವರು ತೋರಿಸಿದ ಜಾಗದಲ್ಲಿ ಬೆರಳಿಟ್ಟರೆ ಮಾತ್ರ ತಿಳಿಯುವಷ್ಟು ಒರಟು ಇತ್ತು. ಸಿಲ್ವರಿನ ಆ ಮಿಂಚುವ ಚುಕ್ಕೆಗಳೇ ಅದರ ನಾಜೂಕಿನ ಜಾಗ, ಜೋರು ಮಾಡಿದರೆ ಚಕ್ಕೆಯಾಗಿ ಏಳುತ್ತವೆ. ಆಮೇಲಿನ ಹಲಗೆಗಳನ್ನು ಬಿಟ್ಟನ್ನು ಮೂರು ಮೂರು ಮಿ.ಮೀ. ಎತ್ತರಿಸುತ್ತಾ ತೆಗೆದೆ, ಕೊನೆಯ ಸುತ್ತು ಅರ್ಧ ಮಿ.ಮೀ. ಮಾತ್ರ. ಮೊದಲು ಎಳೆಗೆ ಅಡ್ಡವಾಗಿರುವ ಎರಡು ತುದಿ, ಆಮೇಲೆ ಉದ್ದನೆಯ ಬದಿಗಳು. ಅಡ್ಡ ತುದಿಯಲ್ಲಿ ಮೂಲೆ ಸ್ವಲ್ಪ ಚಕ್ಕೆ ಎದ್ದರೂ ಉದ್ದಕ್ಕೆ ಹೊಡೆಯುವಾಗ ಅದು ಹೋಗಿಬಿಡುತ್ತದೆ. ಮುಂದಿನ ಸಲ ಆಚಾರ್ರು ಉಗುರು ಎಳೆದು ನೋಡಿ ಏನೂ ಹೇಳದೆ ಹಲಗೆ ಕೆಳಗಿಟ್ಟು ಕಾಫಿ ಕೇಳಿದರು. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಹಲಸು ಕೊಯ್ದ ಮೇಲೆ ಬಿಟ್ಟಿನ ಹಲ್ಲಿಗೆ ಅಂಟು ಮೆತ್ತಿರುತ್ತದೆ. ಹಾಗೇ ಬಿಟ್ಟರೆ ಮುಂದಿನ ಮರ ಸುಟ್ಟು ಕಪ್ಪಾಗುತ್ತದೆ. ಪ್ಲಗ್ ಕಿತ್ತು, ಬಿಟ್ಟು ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ ಹಳೇ ಟೂತ್‌ಬ್ರಷ್ಷಿನಲ್ಲಿ ಉಜ್ಜಿದರೆ ಸಾಕು.

ಇನ್ನು ಬಾಕಿ ಇರುವುದು ಧೂಳು. ಈ ಮಷಿನ್ನು ಕಾರುವ ಪುಡಿ ಟ್ರಿಮ್ಮರಿನದ್ದಕ್ಕಿಂತ ಎಷ್ಟೋ ಪಾಲು. ಮರದ ಧೂಳನ್ನು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಆದ್ದರಿಂದ ಮಾಸ್ಕ್ ಇಲ್ಲದೆ ಹಸಿರು ಗುಂಡಿ ಒತ್ತುವುದಿಲ್ಲ, ಕಿವಿಗೂ ಮುಚ್ಚಳ ಬೇಕೇ ಬೇಕು. ಮೇಜಿನ ಮೇಲೆ ಮರವನ್ನು ಒತ್ತಿ ತಳ್ಳುವ ಗೈಡ್ ಹಲಗೆಯ ಹಿಂದೆ ಒಂದು ಪೆಟ್ಟಿಗೆ ಮಾಡಿ ವ್ಯಾಕ್ಯೂಮಿನ ಪೈಪು ಸೇರಿಸುವ ಕೆಲಸ ಈ ವಾರದ್ದು. ಅದು ಮುಗಿದ ಮೇಲೆಯೇ ದೇವರ ಮನೆಯ ಬಾಗಿಲಿಗೆ ಕೈ ಹಾಕುವುದು. ಅದಕ್ಕೆ ಹಲಸಿನ ಹಲಗೆ ಆಗಲೇ ಅಟ್ಟದ ಮೇಲೆ ಒಣಗುತ್ತಿದೆ.