ಕಸೂತಿ ದಾರ, ಕೌದಿ ತುಂಡು ಎಲ್ಲಿಡೋದು? ಡಬ್ಬಿ ಕೊಳ್ಳುವ ಮೊದಲು ಇಷ್ಟು ನೋಡಿ

"ಅಕ್ಕಾರ, ಇರೋದು ಎರಡ ಖೋಲಿ. ಕಸೂತಿ ದಾರ, ಕೌದಿ ತುಂಡು, ಖಣದ ಬಟ್ಟಿ ಎಲ್ಲಾ ಎಲ್ಲಿ ಇಡೂದು? ಪ್ಲಾಸ್ಟಿಕ್ ಡ್ರಾವರ್ ತಂದ ಬಿಡಲೇನು?" ಬಾಗಲಕೋಟೆ, ಇಳಕಲ್, ಗುಳೇದಗುಡ್ಡದ ಕಡೆ ಮನೆಯಲ್ಲೇ ಕೈಗೆಲಸ ಮಾಡುವವರು ಹೆಚ್ಚುಕಡಿಮೆ ಹೀಗೇ ಕೇಳುತ್ತಾರೆ.

ಈಗಲೇ ತರಬೇಡಿ. ಆಳವಾದ ಡ್ರಾವರಿಗೆ ದಾರ ಹಾಕಿದರೆ ಮೇಲಿನದಷ್ಟೇ ಕಣ್ಣಿಗೆ ಬೀಳುತ್ತದೆ, ಕೆಳಗಿನದನ್ನು ಹುಡುಕುವಷ್ಟರಲ್ಲಿ ಎಲ್ಲವೂ ಗಂಟು. ಮೊದಲು ಇದ್ದಬದ್ದ ಸಾಮಾನನ್ನೆಲ್ಲ ಜಮಖಾನದ ಮೇಲೆ ಸುರಿದು, ದಿನಾ ಬೇಕಾದ್ದು ಒಂದು ಕಡೆ, ಮುಂದೆಂದೋ ಬೇಕಾದೀತೆಂದು ಕೂಡಿಟ್ಟಿದ್ದು ಇನ್ನೊಂದು ಕಡೆ ಮಾಡಿ. ಮೊದಲನೆಯ ಗುಂಪು ಬಹಳ ಚಿಕ್ಕದಾಗಿರುತ್ತದೆ. ಜಾಗ ಮಾಡಬೇಕಾದ್ದು ಅದಕ್ಕೆ. ಎರಡನೆಯದು ಟ್ರಂಕಿನಲ್ಲಿ, ಮಂಚದ ಕೆಳಗೆ ಇದ್ದರೂ ನಡೆಯುತ್ತದೆ.

ದಾರದಿಂದ ಶುರು ಮಾಡೋಣ. ಕಸೂತಿಗೆ ಬಳಸುವ ಕಾಟನ್ ದಾರದ ಒಂದು ಲಡಿ ಸಾಮಾನ್ಯವಾಗಿ 8 ಮೀಟರ್, 6 ಎಳೆ. ಅದನ್ನು ಸುತ್ತಿಡಲು ಹಳೆಯ ಲಗ್ನಪತ್ರಿಕೆಗಿಂತ ಒಳ್ಳೆಯ ರಟ್ಟಿಲ್ಲ, ಅದೂ ಎಲ್ಲರ ಮನೆಯಲ್ಲಿ ಕಟ್ಟುಗಟ್ಟಲೆ ಬಿದ್ದಿರುತ್ತದೆ. ದಪ್ಪನೆಯದನ್ನು ಆರಿಸಿ 3.5 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರಕ್ಕೆ ಕತ್ತರಿಸಿ. ಎರಡೂ ಬದಿಯಲ್ಲಿ ಅರ್ಧ ಸೆಂ.ಮೀ. ಒಳಕ್ಕೆ ಕಚ್ಚು ಮಾಡಿದರೆ ದಾರ ಜಾರುವುದಿಲ್ಲ. ಮೇಲಂಚಿನಲ್ಲಿ ಒಂದು ಸಣ್ಣ ಸೀಳು ಹಾಕಿ ತುದಿಯನ್ನು ಅದರಲ್ಲಿ ಸಿಕ್ಕಿಸಿ, ಪಕ್ಕದಲ್ಲೇ ಬಣ್ಣದ ನಂಬರ್ ಪೆನ್ಸಿಲಿನಲ್ಲಿ ಬರೆಯಿರಿ. ಲೇಬಲ್ ಎಸೆದು ನಂಬರ್ ಮರೆತವರು ಆಮೇಲೆ ಅದೇ ಕೆಂಪು ಹುಡುಕಿಕೊಂಡು ಅಂಗಡಿ ಅಂಗಡಿ ತಿರುಗುವುದು ತಪ್ಪಿದ್ದಲ್ಲ.

ಎಡವುವುದು ಎರಡು ಕಡೆ. ಒಂದು, ಬಿಗಿಯಾಗಿ ಎಳೆದು ಸುತ್ತುವುದು. ಮೂಲೆಯಲ್ಲಿ ಮಡಿಕೆ ಬಿದ್ದ ದಾರ ಬಟ್ಟೆಯ ಮೇಲೆ ನೆಟ್ಟಗೆ ಕೂರುವುದಿಲ್ಲ. ಗವಂತಿ, ಮುರಗಿ ಎಂಬ ಎರಡೂ ಕಸೂತಿ ಹೊಲಿಗೆಗಳಲ್ಲಿ ಕೆಲಸ ಹಿಂದೆ ಮುಂದೆ ಒಂದೇ ಥರ ಕಾಣಬೇಕಲ್ಲ, ಡೊಂಕೂ ಎರಡೂ ಕಡೆ ಕಾಣುತ್ತದೆ. ಎರಡು, ಪತ್ರಿಕೆಯ ಗಾಢ ಕೆಂಪು, ಬಂಗಾರದ ಅಚ್ಚಿರುವ ಭಾಗದ ಮೇಲೆ ಬಿಳಿ ದಾರ ಸುತ್ತುವುದು. ಮಳೆಗಾಲದ ತೇವಕ್ಕೆ ಬಣ್ಣ ಹತ್ತುತ್ತದೆ. ತಿಳಿಬಣ್ಣದ ದಾರಕ್ಕೆ ಪತ್ರಿಕೆಯ ಖಾಲಿ ಭಾಗವೇ ಇರಲಿ. ರೇಷ್ಮೆ ದಾರವನ್ನು ಮಾತ್ರ ರಟ್ಟಿಗೆ ಸುತ್ತದೆ, ಒಗೆದ ಮಲ್‌ಮಲ್ ಬಟ್ಟೆಯಲ್ಲಿ ಸಡಿಲವಾಗಿ ಮಡಚಿಡಿ.

ಈ ರಟ್ಟುಗಳು ನಿಲ್ಲಲು 5 ಸೆಂ.ಮೀ. ಆಳದ ಪೆಟ್ಟಿಗೆ ಸಾಕು. ಅಮೀನಗಡ ಕರದಂಟಿನ ಡಬ್ಬಿಯೋ ಬೆಳಗಾವಿ ಕುಂದಾದ ಡಬ್ಬಿಯೋ ನಡೆಯುತ್ತದೆ, ಆದರೆ ತುಪ್ಪದ ಕಲೆ ಇದ್ದರೆ ಬೇಡ. ಕಲೆ ದಾರಕ್ಕೆ ಇಳಿಯುತ್ತದೆ, ಸಕ್ಕರೆ ಪುಡಿಗೆ ಇರುವೆ ಬರುತ್ತದೆ. ಒಳಗಿನ ಅಡ್ಡಗೋಡೆಗಳಿಗೆ ಕಾರ್ಟನ್ ರಟ್ಟಿನ ಪಟ್ಟಿ ಕತ್ತರಿಸಿ, ಅರ್ಧ ಎತ್ತರದವರೆಗೆ ಸೀಳಿ ಒಂದಕ್ಕೊಂದು ಸಿಕ್ಕಿಸಿ. ಸೀಳಿನ ಅಗಲ ರಟ್ಟಿನ ದಪ್ಪದಷ್ಟೇ ಇರಬೇಕು. ಕಡಿಮೆಯಾದರೆ ಪಟ್ಟಿ ಬಾಗುತ್ತದೆ, ಹೆಚ್ಚಾದರೆ ಅಲ್ಲಾಡುತ್ತದೆ. ಅಂಟಿಸಲು ಫೆವಿಕಾಲ್ ಬಳಸಿ. ಮೈದಾ ಅಂಟು ಅಗ್ಗ ನಿಜ, ಆದರೆ ಅದನ್ನು ತಿನ್ನಲು ಜಿರಳೆ ಬರುತ್ತವೆ, ಬಂದವು ಬಟ್ಟೆಯನ್ನೂ ಬಿಡುವುದಿಲ್ಲ.

ಕತ್ತರಿ, ಅಳತೆ ಪಟ್ಟಿ, ಕಸೂತಿಯ ಫ್ರೇಮು, ಅರ್ಧಕ್ಕೆ ನಿಂತ ಕೆಲಸ ಇವಕ್ಕೆಲ್ಲ ಗೋಡೆಗೆ ತೂಗುಹಾಕುವ ಜೇಬಿನ ಬಟ್ಟೆ ಹೊಲಿಯಿರಿ. ತೆಳು ಕಾಟನ್ ಜೋಲು ಬೀಳುತ್ತದೆ, ಗಾದಿ ಬಟ್ಟೆ ಅಥವಾ ಹಳೆಯ ಜೀನ್ಸ್ ಬೇಕು. ಹಿಂಬಟ್ಟೆ 64 ಸೆಂ.ಮೀ. ಅಗಲ, 100 ಸೆಂ.ಮೀ. ಉದ್ದ. ಎರಡೂ ಬದಿ 2 ಸೆಂ.ಮೀ. ಮಡಚಿದರೆ 60 ಉಳಿಯುತ್ತದೆ. ಮೇಲೆ 6 ಸೆಂ.ಮೀ. ಮಡಚಿ ಕೋಲು ತೂರಿಸುವ ಕೊಳವೆ ಮಾಡಿ. ಜೇಬಿಗೆ 78 × 22 ಸೆಂ.ಮೀ. ಪಟ್ಟಿ ಮೂರು.

60 ಸೆಂ.ಮೀ. ಬಟ್ಟೆಗೆ 78ರ ಪಟ್ಟಿ ಯಾಕೆ ಎಂದರೆ, ಒಂದು ಸಾಲಿನಲ್ಲಿ ನಾಲ್ಕು ಜೇಬು, ಪ್ರತಿಯೊಂದಕ್ಕೂ 4 ಸೆಂ.ಮೀ. ಹೆಚ್ಚಿನ ಬಟ್ಟೆ, ಜೊತೆಗೆ ಬದಿಯ ಹೊಲಿಗೆಗೆ 2. ಈ ಹೆಚ್ಚಿನದನ್ನು ಬಿಡದೆ ಸಪಾಟಾಗಿ ಹೊಲಿದರೆ ಜೇಬಿಗೆ ಕೈ ಹೋಗುವುದಿಲ್ಲ, ಒತ್ತಿ ತುಂಬಿದರೆ ಹಿಂಬಟ್ಟೆಯೇ ಮುದುಡುತ್ತದೆ. ಪಟ್ಟಿಯ ಮೇಲಂಚು 3 ಸೆಂ.ಮೀ., ಕೆಳಗಂಚು 1 ಸೆಂ.ಮೀ. ಮಡಚಿ. ಹಿಂಬಟ್ಟೆಯ ಮೇಲೆ 15 ಸೆಂ.ಮೀ.ಗೊಂದು, ಪಟ್ಟಿಯ ಮೇಲೆ 19 ಸೆಂ.ಮೀ.ಗೊಂದು ಗೆರೆ ಹಾಕಿ, ಗೆರೆಗೆ ಗೆರೆ ಕೂಡಿಸಿ ಮೊದಲು ಉದ್ದದ ಹೊಲಿಗೆ ಹಾಕಿ. ಆಮೇಲೆ ಜೇಬಿನ ತಳದಲ್ಲಿ ಎರಡೂ ಮೂಲೆಗೆ ತಲಾ 2 ಸೆಂ.ಮೀ. ಬಟ್ಟೆ ಹಿಡಿದು ನಿರಿಗೆ ಮಾಡಿ ಅಡ್ಡ ಹೊಲಿಯಿರಿ. ಹರಿಯುವುದು ಯಾವಾಗಲೂ ಜೇಬಿನ ಬಾಯಿಯ ಮೂಲೆ, ಅಲ್ಲಿ ಮೂರು ಸಲ ಹಿಂದೆ ಮುಂದೆ ಹೊಲಿಗೆ ಬೇಕೇ ಬೇಕು. ಸಾಲುಗಳ ನಡುವೆ 8 ಸೆಂ.ಮೀ. ಬಿಟ್ಟರೆ ಕತ್ತರಿಯ ಹಿಡಿ ಹೊರಗಿದ್ದು ಕೈಗೆ ಸಿಗುತ್ತದೆ. ಭಾರದ್ದು ಕೆಳಸಾಲಿಗೆ.

ತೂಗುಹಾಕುವ ಜಾಗ ಊರಿನ ಮೇಲೆ ಹೋಗುತ್ತದೆ. ಬೆಳಗಾವಿಯ ಮಳೆಗೆ ಹೊರಗೋಡೆ ಒದ್ದೆಯಾಗಿ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಬಾಗಿಲ ಹಿಂಬದಿ ಮೇಲು. ವಿಜಯಪುರ, ಬಾಗಲಕೋಟೆಯಲ್ಲಿ ಕಾಟ ಧೂಳಿನದು. ಗಾಳಿ ದಿನಗಳಲ್ಲಿ ಎರೆಮಣ್ಣಿನ ಧೂಳು ಕಿಟಕಿ ಮುಚ್ಚಿದ್ದರೂ ಒಳಬರುತ್ತದೆ, ಹಾಗಾಗಿ ಮೇಲಿಂದ ಒಂದು ಹಳೆಯ ದುಪ್ಪಟ್ಟಾ ಇಳಿಬಿಡಿ.

ಕೌದಿ ತುಂಡುಗಳನ್ನು ಬಣ್ಣದ ಪ್ರಕಾರ ಜೋಡಿಸುವುದು ನೋಡಲಷ್ಟೇ ಚೆಂದ. ಅಳತೆಯ ಪ್ರಕಾರ ಕಟ್ಟಿಡಿ: ಅಂಗೈಗಿಂತ ಸಣ್ಣವು, ಮೊಳದುದ್ದದ ಪಟ್ಟಿಗಳು, ದೊಡ್ಡವು. ಗಂಜಿ ಇರುವ ಬಟ್ಟೆಗೆ ಹುಳ ಬೀಳುತ್ತದೆ, ಒಗೆದು ಪೂರ್ತಿ ಒಣಗಿಸಿಯೇ ಇಡಿ. ಇಳಕಲ್ ಸೀರೆಯ ರೇಷ್ಮೆ ಸೆರಗು ಒಡಲಿನ ಹತ್ತಿಯ ಜೊತೆ ಒಂದೇ ಗಂಟಿನಲ್ಲಿ ಬೇಡ, ಒಗೆದಾಗ ಎರಡೂ ಒಂದೇ ಥರ ಕುಗ್ಗುವುದಿಲ್ಲ. ಬೇವಿನ ಎಲೆ ಹಾಕುವುದಾದರೆ ನೆರಳಲ್ಲಿ ಗರಿಗರಿ ಒಣಗಿಸಿ ಚೀಲದಲ್ಲಿ ಹಾಕಿ, ಹಸಿ ಎಲೆ ಕಲೆ ಮಾಡುತ್ತದೆ.

ಇನ್ನು ಸೂಜಿ. ಹತ್ತಿ ತುಂಬಿದ ಪುಟ್ಟ ದಿಂಬಿನಲ್ಲಿ ಚುಚ್ಚಿಟ್ಟರೆ ಹತ್ತಿ ತೇವ ಹಿಡಿದು ತುಕ್ಕು ಬರುತ್ತದೆ. ಹಳೆಯ ಕರಿ ಕಂಬಳಿಯ ತುಂಡನ್ನು ನಾಲ್ಕು ಮಡಿಕೆ ಮಾಡಿ ಹೊಲಿದು ಅದರಲ್ಲಿ ಚುಚ್ಚಿ. ಕೆಟ್ಟ ಸ್ಪೀಕರಿನ ಆಯಸ್ಕಾಂತ ಒಂದನ್ನು ಕೆಳಸಾಲಿನ ಜೇಬಿನಲ್ಲಿ ಇಟ್ಟುಕೊಳ್ಳಿ. ಮಕ್ಕಳು ಬರಿಗಾಲಲ್ಲಿ ಓಡಾಡುವ ಮನೆಯಲ್ಲಿ, ಎದ್ದೇಳುವ ಮೊದಲು ಅದನ್ನು ಜಮಖಾನದ ಮೇಲೆ ಒಮ್ಮೆ ಆಡಿಸಿಬಿಡಿ.